ಸಂಗಮದಲ್ಲಿ ಮಲಗಿದವರು

ಸಿಸಿಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಮಾಲ್ಟಾ ದ್ವೀಪದ ವಸ್ತುಸಂಗ್ರಹಾಲಯದಲ್ಲಿ ಒಬ್ಬಳು ಹೆಂಗಸು ಮಲಗಿದ್ದಾಳೆ. ಸುಟ್ಟ ಮಣ್ಣಿನವಳು, ಉದ್ದ 12 ಸೆಂಟಿಮೀಟರ್. ಮಂಚದ ಮೇಲೆ ಬಲಮಗ್ಗುಲಾಗಿ, ಕೈಯನ್ನು ತಲೆಯಡಿ ಮಡಿಸಿ, ದಿಂಬಿಗೆ ತಲೆಕೊಟ್ಟಿದ್ದಾಳೆ. ಮೈಮೇಲೆ ಅಲ್ಲಲ್ಲಿ ಜಾಜಿನ ಕೆಂಪು ಉಳಿದಿದೆ. ಅವಳು ಸಿಕ್ಕಿದ್ದು ನೆಲದಡಿ ಕೊರೆದ ಸಮಾಧಿಗುಹೆಯೊಂದರಲ್ಲಿ. ವಯಸ್ಸು ಹೆಚ್ಚು ಕಡಿಮೆ ಐದು ಸಾವಿರ ವರ್ಷ. ಅದು ಬರಿಯ ನಿದ್ದೆಯೋ, ಸಾವೋ, ಮೈಮೇಲೆ ದೈವ ಬಂದ ಮಂಪರೋ ಎಂಬ ವಾದ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ.

ನಮ್ಮ ತಿರುಮಕೂಡಲು ನರಸೀಪುರದಲ್ಲೂ ದಿಂಬುಗಳು ಸಿಕ್ಕಿವೆ. ಇವೂ ಸುಟ್ಟ ಮಣ್ಣಿನವೇ. ಮೇಲ್ಭಾಗ ತುಸು ಬಾಗಿ, ಮಲಗಿದವರ ಕತ್ತು ಸರಿಯಾಗಿ ಕೂರುವಂತೆ ಮಾಡಿದ ತಲೆದಿಂಬುಗಳು. ಇವು ಬೊಂಬೆಗಳಲ್ಲ, ಮನುಷ್ಯರ ಬಳಕೆಗೆ ಮಾಡಿದವು. ಕಪಿಲೆ ಬಂದು ಕಾವೇರಿಯನ್ನು ಕೂಡುವ ಆ ಸಂಗಮದ ಆಸುಪಾಸಿನಲ್ಲಿ ಕ್ರಿಸ್ತಪೂರ್ವ 1800ರ ಹೊತ್ತಿಗೇ ಜನ ಮನೆ ಹೂಡಿ, ದನ ಕಟ್ಟಿ, ಮಡಕೆ ಸುಟ್ಟು, ಸತ್ತವರನ್ನು ಉದ್ದಕ್ಕೆ ಚಾಚಿ ಮಲಗಿಸಿ ಹೂಳುತ್ತಿದ್ದರು. ನಂಜನಗೂಡಿನ ಕಡೆಯಿಂದ ತಗಡೂರು ಸೀಮೆ ದಾಟಿ ನರಸೀಪುರಕ್ಕೆ ಬರುವವರು ದಿನವೂ ಈ ನೆಲದ ಮೇಲೆಯೇ ಓಡಾಡುತ್ತಾರೆ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳವೂ ನಡೆಯುತ್ತ ಬಂದಿದೆ. ಮೀಯಲು ಬಂದವರು ಗುಂಜಾ ನರಸಿಂಹನಿಗೂ ಅಗಸ್ತ್ಯೇಶ್ವರನಿಗೂ ಕೈಮುಗಿಯುತ್ತಾರೆ. ಊರಿನ ಮೊದಲ ಒಕ್ಕಲಿನ ವಿಷಯ ಅವರಿಗೆ ಯಾರೂ ಹೇಳಿರುವುದಿಲ್ಲ.

ಇದು ಯಾರ ತಪ್ಪೂ ಅಲ್ಲ. ನಮ್ಮ ಕಡೆ ಹಳೆಯದು ಎಂದರೆ ಗುಡಿ, ಗುಡಿಯ ಮುಂದಿನ ಶಾಸನ, ಕೆರೆ ಏರಿಯ ವೀರಗಲ್ಲು. ತಗಡೂರಿನಲ್ಲಿ ಹಿಂದಿನ ಮಾತು ತೆಗೆದರೆ ಮೊದಲು ಬರುವುದು ಖಾದಿ, ಸ್ವಾತಂತ್ರ್ಯ ಚಳವಳಿ, ತಗಡೂರು ರಾಮಚಂದ್ರರಾಯರು. ಅದಕ್ಕೂ ಹಿಂದೆ ಕೇಳಿದರೆ ಮೈಸೂರರಸರು, ಹೊಯ್ಸಳರು, ಗಂಗರು. ಗಂಗರ ಹಿಂದೆ ಒಂದೇ ನೆಗೆತಕ್ಕೆ ಪಾಂಡವರು. ಗಂಗರಿಗೂ ಪಾಂಡವರಿಗೂ ನಡುವಿನ ಆ ಕಂದಕದಲ್ಲಿ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಬದುಕು ಬಿದ್ದಿದೆ. ಮಾಲ್ಟಾದವರಿಗೆ ಶಿಲಾಯುಗದ ಬದುಕು ಕಣ್ಣಿಗೆ ರಾಚುವಂತೆ ನಿಂತಿದೆ, ನಮ್ಮಲ್ಲಿ ಮಣ್ಣೊಳಗೆ ಮಲಗಿದೆ. ಯಾಕೆ ಹಾಗಾಯಿತು ಎಂದು ನೋಡಹೊರಟರೆ ಕಲ್ಲು, ನದಿ, ಮರಳು ಎಲ್ಲವೂ ಸಾಕ್ಷಿಗೆ ಬರುತ್ತವೆ.

ಮೆತ್ತನೆಯ ಕಲ್ಲಿನ ದ್ವೀಪ

ಮಾಲ್ಟಾ ದೊಡ್ಡ ದೇಶವೇನಲ್ಲ. ಎಲ್ಲ ದ್ವೀಪಗಳನ್ನು ಕೂಡಿದರೂ 316 ಚದರ ಕಿಲೋಮೀಟರ್. ನಂಜನಗೂಡು ತಾಲ್ಲೂಕಿಗಿಂತ ಚಿಕ್ಕದು. ಅಲ್ಲಿಗೆ ಮೊದಲ ರೈತರು ಸಿಸಿಲಿಯಿಂದ ದೋಣಿಯಲ್ಲಿ ಬಂದದ್ದು ಕ್ರಿಸ್ತಪೂರ್ವ ಆರನೆಯ ಸಹಸ್ರಮಾನದಲ್ಲಿ. ಗೋಧಿ, ಬಾರ್ಲಿ, ಕುರಿ, ಆಡು, ದನ ಎಲ್ಲ ಜೊತೆಗೇ ಬಂದವು. ಎರಡು ಸಾವಿರ ವರ್ಷ ಸಾಮಾನ್ಯ ಒಕ್ಕಲುತನ ಮಾಡಿಕೊಂಡಿದ್ದ ಈ ಜನ, ಕ್ರಿಸ್ತಪೂರ್ವ 3600ರ ಸುಮಾರಿಗೆ ಯಾವ ಹುರುಪಿನಲ್ಲೋ ಕಲ್ಲಿನ ಗುಡಿಗಳನ್ನು ಎಬ್ಬಿಸತೊಡಗಿದರು. ಗೋಜೋ ದ್ವೀಪದ ಜ್ಗಾಂತಿಯಾ, ಕಡಲಿಗೆ ಮುಖಮಾಡಿದ ಹಜರ್ ಇಮ್, ಅದರ ಕೆಳಗಿನ ಇಮ್ನಾಯ್ದ್ರಾ, ತಾರ್ಶಿಯನ್. ಇವುಗಳ ಕೆಲವು ಬಂಡೆಗಳ ಎತ್ತರ ಐದು ಮೀಟರಿಗೂ ಹೆಚ್ಚು. ಈಜಿಪ್ಟಿನ ಗೀಜಾದ ಮಹಾ ಪಿರಮಿಡ್ ಏಳುವುದಕ್ಕೆ ಸಾವಿರ ವರ್ಷ ಮೊದಲೇ ಜ್ಗಾಂತಿಯಾ ನಿಂತಿತ್ತು.

ಇಷ್ಟು ದೊಡ್ಡ ಕಲ್ಲನ್ನು ಲೋಹವಿಲ್ಲದ ಜನ ಕಡಿದದ್ದು ಹೇಗೆ? ಉತ್ತರದ ಅರ್ಧ ಭಾಗ ನೆಲದಲ್ಲೇ ಇದೆ. ಮಾಲ್ಟಾದ ನೆಲ ಸುಣ್ಣಕಲ್ಲಿನದು. ಅದರಲ್ಲಿ ಒಂದು ಬಗೆ ಗಡಸು, ಅದನ್ನು ಹೊರಗೋಡೆಗೆ ಬಳಸಿದರು. ಇನ್ನೊಂದು ಬಗೆ ಜೇನುಬಣ್ಣದ್ದು, ಮೆತ್ತನೆಯದು. ಚಕಮಕಿ ಕಲ್ಲಿನ ಚೂರು, ಜಿಂಕೆ ಕೊಂಬು, ದೂರದ ಜ್ವಾಲಾಮುಖಿ ದ್ವೀಪಗಳಿಂದ ತಂದ ಕಪ್ಪು ಗಾಜುಗಲ್ಲು ಇದ್ದರೆ ಅದರ ಮೇಲೆ ಸುರುಳಿ, ಬಳ್ಳಿ, ಹಂದಿ, ಟಗರು ಏನು ಬೇಕಾದರೂ ಕೆತ್ತಬಹುದು. ಬಂಡೆಗಳ ಅಡಿಯಲ್ಲಿ ಉರುಟು ಕಲ್ಲುಗುಂಡುಗಳು ಸಿಕ್ಕಿವೆ. ಅವುಗಳ ಮೇಲೆ ಉರುಳಿಸಿ ತಂದಿರಬೇಕು.

ಈಗ ನಮ್ಮ ನೆಲ ನೋಡಿ. ಮೈಸೂರು ಸೀಮೆಯ ಅಡಿಗಲ್ಲು ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಕಗ್ಗಲ್ಲು, ಭೂವಿಜ್ಞಾನಿಗಳು ನೈಸ್ ಎನ್ನುವುದು. ಉಳಿಯ ಮೊನೆಯನ್ನೇ ಮುರಿಯುವ ಈ ಕಲ್ಲನ್ನು ಕಲ್ಲುಕೊಡಲಿಯಿಂದ ಮಣಿಸುವುದು ಆಗದ ಮಾತು. ನಮ್ಮ ನವಶಿಲಾಯುಗದವರು ಕಲ್ಲುಕೊಡಲಿಯನ್ನು ತೇದು ತೇದು ಕನ್ನಡಿಯಂತೆ ನಯ ಮಾಡಿದರು, ಅದರಿಂದ ಕಾಡು ಕಡಿದರು. ಗುಡಿ ಕಟ್ಟಲಿಲ್ಲ. ಮಣ್ಣು, ಗಳು, ಹುಲ್ಲು ಇವುಗಳಿಂದ ಕಟ್ಟಿದ ಮನೆ ಒಂದು ತಲೆಮಾರು ನಿಲ್ಲುತ್ತದೆ. ನದಿದಂಡೆಯಲ್ಲಾದರೆ ಅದೂ ಇಲ್ಲ. ಕರ್ನಾಟಕದಲ್ಲಿ ದೊಡ್ಡ ಕಲ್ಲುಗಳನ್ನು ಸೀಳಿ ಸಮಾಧಿ ಕಟ್ಟುವ ರೂಢಿ ಮೈತುಂಬಿ ಬೆಳೆದದ್ದು ಕಬ್ಬಿಣ ಬಂದ ಮೇಲೆ. ಕೊಪ್ಪಳದ ಹಿರೇಬೆಣಕಲ್‌ನ ನೂರಾರು ಕಲ್ಮನೆಗಳು, ಕೊಡಗಿನ ಪಾಂಡವ ಪಾರೆಗಳು ಆ ಕಾಲದ ರೂಢಿಯವು. ಮಾಲ್ಟಾದ ಗುಡಿಗಳಿಗೂ ಇವಕ್ಕೂ ಎರಡು ಸಾವಿರ ವರ್ಷಗಳ ಅಂತರವಾದರೂ ಇದೆ. ಎರಡೂ ದೊಡ್ಡ ಕಲ್ಲಿನವು ಎಂದು ನಂಟು ಹಚ್ಚುವ ಚಪಲ ಹತ್ತೊಂಬತ್ತನೆಯ ಶತಮಾನದ ಸಾಹೇಬರಿಗೆ ಬಹಳ ಇತ್ತು. ಈಗ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಜನರ ಕಲ್ಪನೆ ಮಾತ್ರ ಎರಡೂ ಕಡೆ ಒಂದೇ ದಾರಿ ಹಿಡಿದಿದೆ. ಗೋಜೋದವರು ಜ್ಗಾಂತಿಯಾವನ್ನು ಕಟ್ಟಿದ್ದು ಒಬ್ಬ ದೈತ್ಯ ಹೆಂಗಸು ಎನ್ನುತ್ತಾರೆ. ಅವರೆಯಂಥ ಕಾಳು ತಿಂದು, ಕಂಕುಳಲ್ಲಿ ಮಗು ಇಟ್ಟುಕೊಂಡು, ತಲೆಯ ಮೇಲೆ ಬಂಡೆ ಹೊತ್ತು ತಂದಳಂತೆ. ನಮ್ಮಲ್ಲಿ ಆ ಕೆಲಸ ಭೀಮನ ಪಾಲಿಗೆ ಬಂತು. ಉತ್ತರ ಕರ್ನಾಟಕದಲ್ಲಿ ಮೋರಿಯರೆಂಬ ಕುಳ್ಳರ ಪಾಲಿಗೆ. ದೈತ್ಯರೂ ಸೈ, ಕುಳ್ಳರೂ ಸೈ. ನಮ್ಮಂಥ ಆಳೆತ್ತರದವರು ಮಾಡಿದ್ದು ಎಂದು ಒಪ್ಪಿಕೊಳ್ಳಲು ಮಾತ್ರ ಯಾರಿಗೂ ಮನಸ್ಸಿಲ್ಲ.

ಫೂಟ್ ಸಾಹೇಬರ ಚೀಲ, ಶೇಷಾದ್ರಿಯವರ ಗುಂಡಿ

ನರಸೀಪುರ ಸಂಗಮದ ಬೋಕಿಗಳ ಮೇಲೆ ಮೊದಲು ಕಣ್ಣಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ನೌಕರ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಒಂದು ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿ, ಈ ದೇಶದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವರು. ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆ ಆರಂಭಿಸಿದಾಗ ಅದರ ಮೊದಲ ಮುಖ್ಯಸ್ಥರಾಗಿ ಬಂದರು. ಕೆಲಸ ಅದಿರು ಹುಡುಕುವುದು, ಹವ್ಯಾಸ ಕಲ್ಲುಕೊಡಲಿ ಹೆಕ್ಕುವುದು. ನದಿದಂಡೆ, ಹೊಲದ ಬದು, ಗುಡ್ಡದ ತಪ್ಪಲು, ಎಲ್ಲಿ ಹೋದರೂ ನೆಲ ನೋಡಿಕೊಂಡೇ ನಡೆದ ಮನುಷ್ಯ. ನರಸೀಪುರ ಸಂಗಮದಲ್ಲಿ ಅವರು ಸಂಗ್ರಹಿಸಿದ ಮಣ್ಣಿನ ವಸ್ತುಗಳಲ್ಲಿ ಈ ತಲೆದಿಂಬುಗಳೂ ಇದ್ದವು. ಅವರ ಸಂಗ್ರಹವನ್ನೆಲ್ಲ ಮದರಾಸು ಸರ್ಕಾರ 1904ರಲ್ಲಿ ಕೊಂಡುಕೊಂಡಿತು. ಹಾಗಾಗಿ ನರಸೀಪುರದ ಅತಿ ಹಳೆಯ ಮನೆಸಾಮಾನುಗಳಲ್ಲಿ ಕೆಲವು ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯದ ಸ್ವತ್ತಾದವು.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿ ಯಾರೂ ಗುದ್ದಲಿ ಹಾಕಲಿಲ್ಲ. ಆ ಹೊತ್ತಿಗೆ ಮೈಸೂರಿನ ಪುರಾತತ್ತ್ವ ಇಲಾಖೆಯ ಗಮನ ಚಿತ್ರದುರ್ಗದ ಕಡೆಗಿತ್ತು. ಡಾ. ಎಂ.ಎಚ್. ಕೃಷ್ಣ ಚಂದ್ರವಳ್ಳಿಯಲ್ಲಿ, ಬ್ರಹ್ಮಗಿರಿಯಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಬ್ರಹ್ಮಗಿರಿಗೆ ಬಂದು, ಕಲ್ಲುಕೊಡಲಿಯವರ ಮೇಲೆ ಬೃಹತ್ ಶಿಲಾ ಸಮಾಧಿಯವರು, ಅವರ ಮೇಲೆ ಸಾತವಾಹನರ ಕಾಲದವರು ಎಂದು ಮಣ್ಣಿನ ಪದರಗಳನ್ನು ಲೆಕ್ಕ ಹಾಕಿಕೊಟ್ಟರು. ಆದರೆ ಕಲ್ಲುಕೊಡಲಿಯವರು ಶುರುವಾದದ್ದೇ ಕ್ರಿಸ್ತಪೂರ್ವ 1000ರ ಸುಮಾರಿಗೆ ಎಂದು ಗೆರೆ ಎಳೆದರು. ದೊಡ್ಡ ವಿದ್ವಾಂಸ, ದೊಡ್ಡ ದನಿ. ಬಹಳ ಜನ ನಂಬಿದರು.

ನರಸೀಪುರಕ್ಕೆ ಗುದ್ದಲಿ ತಂದವರು ಡಾ. ಎಂ. ಶೇಷಾದ್ರಿ. ಮೈಸೂರಿನ ಶಿಲಾಯುಗದ ಸಂಸ್ಕೃತಿಗಳ ಮೇಲೆ ಪುಸ್ತಕ ಬರೆದಿದ್ದ ಅವರು 1959ರಿಂದ 1965ರ ನಡುವೆ ಇಲ್ಲಿ ಬಿಟ್ಟು ಬಿಟ್ಟು ಉತ್ಖನನ ನಡೆಸಿದರು. ಭಿಕ್ಷೇಶ್ವರನ ಗುಡಿಯ ಆಸುಪಾಸಿನ ನದಿದಂಡೆ. ಸಿಕ್ಕಿದ್ದು ಇಷ್ಟು: ತಿಗರಿ ಇಲ್ಲದೆ ಕೈಯಲ್ಲೇ ಮಾಡಿ, ತಿಕ್ಕಿ ಹೊಳಪು ಕೊಟ್ಟ ಬೂದುಬಣ್ಣದ ಮಡಕೆಗಳು, ಕೆಲವಕ್ಕೆ ಸುಟ್ಟ ಮೇಲೆ ಬಳಿದ ಜಾಜಿನ ಪಟ್ಟೆ, ಸುರಿಯಲು ಅನುಕೂಲವಾಗುವ ಮೂತಿಯ ಪಾತ್ರೆಗಳು, ನಯಗೊಳಿಸಿದ ಕಲ್ಲುಕೊಡಲಿಗಳು, ಮನುಷ್ಯರ ಸಮಾಧಿ, ಮತ್ತೆ ಆ ತಲೆದಿಂಬುಗಳು. ವರದಿ 1971ರಲ್ಲಿ ಅಚ್ಚಾಯಿತು.

ಇಲ್ಲಿನ ಇದ್ದಿಲು ಪರೀಕ್ಷೆಗೆ ಹೋದದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಕ್ಕೆ. ಅಲ್ಲಿಂದ ಬಂದ, ವಯಸ್ಸು ಹೇಳುವ ಇಂಗಾಲದ ಲೆಕ್ಕ ನರಸೀಪುರದ ಒಕ್ಕಲನ್ನು ಕ್ರಿಸ್ತಪೂರ್ವ 1800ರ ಹತ್ತಿರಕ್ಕೆ ಒಯ್ದಿತು. ಅದೇ ದಶಕದಲ್ಲಿ ತೆಕ್ಕಲಕೋಟೆ, ಹಳ್ಳೂರು, ಆಗಿನ ಆಂಧ್ರದ ಉಟ್ನೂರು ಎಲ್ಲೆಲ್ಲಿಂದಲೂ ಇಂಥವೇ ಅಂಕಿಗಳು ಬಂದವು. ವೀಲರ್ ಎಳೆದ ಗೆರೆ ಸಾವಿರ ವರ್ಷ ಹಿಂದಕ್ಕೆ ಸರಿಯಿತು. ಮೆಡಿಟರೇನಿಯನ್ ಕಡೆಯಲ್ಲೂ ಸರಿಸುಮಾರು ಅದೇ ಹೊತ್ತಿಗೆ ಅದೇ ಕಥೆ. ಮಾಲ್ಟಾದ ಗುಡಿಗಳು ಕ್ರೀಟ್, ಮೈಸೀನಿಗಳನ್ನು ನೋಡಿ ಕಲಿತವರ ಕೆಲಸ, ಆದ್ದರಿಂದ ಅವಕ್ಕಿಂತ ಕಿರಿಯವು ಎಂದು ಪಂಡಿತರು ತೀರ್ಮಾನಿಸಿದ್ದರು. ಕಾಲಿನ್ ರೆನ್‌ಫ್ರೂ ತಿದ್ದಿದ ಇಂಗಾಲದ ಕಾಲಮಾನ ಹಿಡಿದು 1973ರಲ್ಲಿ ಬರೆದ ಪುಸ್ತಕದಲ್ಲಿ ಅದನ್ನು ತಲೆಕೆಳಗು ಮಾಡಿದರು. ಗುರು ಎಂದುಕೊಂಡವನು ಶಿಷ್ಯನಿಗಿಂತ ಸಾವಿರಾರು ವರ್ಷ ಚಿಕ್ಕವನಾಗಿದ್ದ. ಹಳ್ಳಿಗಾಡಿನವರು ಏನೇ ಮಾಡಿದರೂ ಅದನ್ನು ಪಟ್ಟಣದವರಿಂದ ಕಲಿತಿರಬೇಕು ಎಂಬ ಗ್ರಹಿಕೆಗೆ ಪುರಾತತ್ತ್ವವೂ ಹೊರತಲ್ಲ. ಅದನ್ನು ಬಿಡಿಸಲು ಒಂದು ಹಿಡಿ ಇದ್ದಿಲು ಬೇಕಾಯಿತು.

ತಲೆದಿಂಬಿನ ಗುಟ್ಟು ಇನ್ನೂ ಪೂರ್ತಿ ಬಿಡಿಸಿಲ್ಲ. ಇಂಥವು ಪ್ರಾಚೀನ ಈಜಿಪ್ಟಿನಲ್ಲಿ ರೂಢಿಯಲ್ಲಿದ್ದವು, ಆಫ್ರಿಕದ ಎಷ್ಟೋ ಸಮುದಾಯಗಳಲ್ಲಿ ಇಂದಿಗೂ ಇವೆ. ಕಷ್ಟಪಟ್ಟು ಕಟ್ಟಿದ ತಲೆಗೂದಲು ಮಲಗಿದಾಗ ಕೆಡದಿರಲಿ ಎಂದು ಕತ್ತಿಗೆ ಆನಿಸಿಕೊಳ್ಳುತ್ತಾರೆ. ನರಸೀಪುರದ ಹೆಂಗಸರೋ ಗಂಡಸರೋ ಅಷ್ಟು ಸೊಗಸಾಗಿ ತಲೆ ಕಟ್ಟಿಕೊಳ್ಳುತ್ತಿದ್ದರು ಎಂದಾದರೆ, ಶಿಲಾಯುಗ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಕೆದರುಗೂದಲಿನ ಚಿತ್ರವನ್ನು ಅಳಿಸಿಬಿಡಬೇಕು. ಬ್ರಿಟಿಷ್ ವಿದ್ವಾಂಸ ಎಫ್.ಆರ್. ಆಲ್ಚಿನ್ ನರಸೀಪುರ ಸಂಗಮದ ದಿಂಬುಗಳ ಮೇಲೆಯೇ ಒಂದು ಲೇಖನ ಬರೆದರು. ಹಳ್ಳೂರಿನಲ್ಲೂ ಇಂಥವು ಸಿಕ್ಕಾಗ ಆಫ್ರಿಕದ ನಂಟಿನ ಮಾತು ಬಲವಾಯಿತು. ಹಳ್ಳೂರಿನ ಉತ್ಖನನ ನಡೆಸಿದ ಎಂ.ಎಸ್. ನಾಗರಾಜರಾಯರಿಗೆ ಅಲ್ಲಿ ರಾಗಿಯೂ ದೊರೆತಿತ್ತು ಎಂದು ವರದಿಯಾಯಿತು. ರಾಗಿಯ ತವರು ಆಫ್ರಿಕವೇ ತಾನೆ? ಆದರೆ ಆ ಕಾಳು ನಿಜಕ್ಕೂ ರಾಗಿಯೇ ಎಂದು ಈಚಿನ ಸಸ್ಯ ಪುರಾತತ್ತ್ವಜ್ಞರು ಒಪ್ಪುತ್ತಿಲ್ಲ. ಆಕಾರ ಒಂದೇ ಇದೆ ಎಂಬಷ್ಟಕ್ಕೆ ಕಡಲು ದಾಟಿಸುವುದು ಅವಸರವಾದೀತು. ಕತ್ತು ಎಲ್ಲ ಮನುಷ್ಯರಿಗೂ ಒಂದೇ ಬಗೆಯದು, ಅದಕ್ಕೆ ಒಪ್ಪುವ ಆಸರೆ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿರಲೂ ಸಾಕು.

ರಾಗಿ ಹೋದರೆ ಹೋಗಲಿ, ಹುರುಳಿ ನಿಂತಿದೆ. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳ ಬೂದಿಯಲ್ಲಿ ಮತ್ತೆ ಮತ್ತೆ ಕಾಣಿಸುವುದು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಮಣ್ಣನ್ನು ನೀರಲ್ಲಿ ತೇಲಿಸಿ, ಸುಟ್ಟ ಕಾಳುಗಳನ್ನು ಬೇರ್ಪಡಿಸಿ ಕಂಡುಕೊಂಡದ್ದು ಇದು. ನಾಲ್ಕು ಸಾವಿರ ವರ್ಷಗಳ ಹಿಂದೆ ದಖ್ಖನಿನ ಒಲೆಯ ಮೇಲೆ ಬೇಯುತ್ತಿದ್ದದ್ದು ಇವತ್ತಿಗೂ ನಂಜನಗೂಡು ಸೀಮೆಯ ಅಡಿಗೆಮನೆಯಲ್ಲಿ ಬೇಯುತ್ತಿದೆ. ಮಾಲ್ಟಾದಲ್ಲಿ ಹೀಗಾಗಲಿಲ್ಲ. ಗುಡಿ ಕಟ್ಟಿದ ಜನ ಕ್ರಿಸ್ತಪೂರ್ವ 2400ರ ಆಚೀಚೆ ಕಾಣೆಯಾದರು. ತೆಳುವಾದ ಮಣ್ಣು ಕೊಚ್ಚಿಹೋಗಿ, ಮಳೆ ಕೈಕೊಟ್ಟು ಹೀಗಾಯಿತು ಎನ್ನುತ್ತಾರೆ. ಬಳಿಕ ಬಂದವರು ಬೇರೆ ಜನ, ಕಂಚು ಬಲ್ಲವರು. ತಾರ್ಶಿಯನ್ನಿನ ಗುಡಿಯೊಳಗೇ ತಮ್ಮ ಹೆಣ ಸುಟ್ಟ ಬೂದಿಯನ್ನು ಹೂತರು. ಕಲ್ಲು ಉಳಿದ ಕಡೆ ಜನ ಉಳಿಯಲಿಲ್ಲ. ಇಲ್ಲಿ ಕಲ್ಲು ನಿಲ್ಲಲಿಲ್ಲ, ಬೆಳೆ ಉಳಿಯಿತು.

ಟಾಲೆಮಿ ಕೇಳಿದ್ದ ಊರು

ಕಪಿಲೆಯ ಹೆಸರು ಮೆಡಿಟರೇನಿಯನ್ನಿಗೆ ತಲುಪಿರಲಿಲ್ಲ, ಅದರ ದಂಡೆಯ ನಾಡಿನ ಹೆಸರು ತಲುಪಿತ್ತು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ತನ್ನ ಭೂಗೋಳದಲ್ಲಿ ದಕ್ಷಿಣ ಭಾರತದ ಒಳನಾಡಿನ ಊರುಗಳನ್ನು ಪಟ್ಟಿ ಮಾಡುವಾಗ ಪೌನ್ನಾಟ ಎಂಬುದನ್ನು ಸೇರಿಸಿ, ಅಲ್ಲಿ ವೈಡೂರ್ಯ ಸಿಗುತ್ತದೆ ಎಂದ. ಇದೇ ನಮ್ಮ ಪುನ್ನಾಟ ಅಥವಾ ಪುನ್ನಾಡು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಮಾತು. ಹೆಗ್ಗಡದೇವನಕೋಟೆ ಕಡೆಯ ಕಿತ್ತೂರು, ಆಗಿನ ಕೀರ್ತಿಪುರ, ಅದರ ರಾಜಧಾನಿ. ಕಪಿಲೆಯ ಕೆಳಹರಿವಿನ ನಂಜನಗೂಡು ಸೀಮೆಯೂ ಆ ನಾಡಿನದೇ.

ಆ ಕಾಲದ ರೋಮನ್ನರಿಗೆ ಹಸಿರು ನೀಲಿ ಬೆರೆತ ಈ ಹರಳಿನ ಹುಚ್ಚು. ಇವು ಹೆಚ್ಚಾಗಿ ಸಿಗುವುದು ಭಾರತದಲ್ಲೇ ಎಂದು ಪ್ಲಿನಿ ಬರೆದ. ಹರಳು, ಮೆಣಸು ಹಡಗೇರಿದವು. ಬೆಳ್ಳಿ, ಚಿನ್ನ ಇತ್ತ ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಕೆಲಸದ ಹೊತ್ತಿಗೆ ನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಒಂದೇ ಕಡೆ ಸಿಕ್ಕವು. ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಬಂದಿದೆ. ಕ್ರಿಸ್ತಪೂರ್ವ 218ರಲ್ಲೇ ರೋಮನ್ನರ ಕೈಸೇರಿದ್ದ ಮಾಲ್ಟಾವೂ, ಹರಳು ಮಾರುತ್ತಿದ್ದ ಪುನ್ನಾಡೂ ಒಂದೇ ಸಂತೆಯ ಎರಡು ಮೂಲೆಗಳಾಗಿದ್ದವು ಎನ್ನಬಹುದು.

ಪುನ್ನಾಟದ ಅರಸುಮನೆತನದ ತಾಮ್ರಶಾಸನಗಳು ದೊರೆತಿವೆ. ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂದು ಸಾಗುವ ಪಟ್ಟಿ ಅದು. ಸ್ಕಂದವರ್ಮನ ಮಗಳನ್ನು ತಲಕಾಡಿನ ಗಂಗರ ಅವಿನೀತ ಮದುವೆಯಾದ; ಅವರ ಮಗ ದುರ್ವಿನೀತ, ಕವಿರಾಜಮಾರ್ಗ ನೆನೆಯುವ ಕನ್ನಡ ಗದ್ಯಕಾರ. ಪುನ್ನಾಡು ಮದುವೆಯ ಬಳುವಳಿಯೋ ಎಂಬಂತೆ ಗಂಗರ ಮಡಿಲಿಗೆ ಬಿತ್ತು. ಕೀರ್ತಿಪುರದ ನೆಲ ಕಪಿಲೆಗೆ, ಎಂದರೆ ಕಬಿನಿಗೆ, ಕಟ್ಟಿದ ಅಣೆಕಟ್ಟೆಯ ಹಿನ್ನೀರಿಗೆ ಸೇರಿತು. ಟಾಲೆಮಿಯ ಪಟ್ಟಿಯಲ್ಲಿದ್ದ ಊರನ್ನು ಮುಳುಗಿಸಿದ ನೀರು ಕೆಳಗಿನ ಗದ್ದೆಗಳಿಗೆ ಹರಿಯುತ್ತಿದೆ. ಗದ್ದೆಯವರು ಬೇಡ ಎಂದಾರೇ?

ಮೆಡಿಟರೇನಿಯನ್ನಿಗೂ ನಮಗೂ ಇನ್ನೊಂದು ಸಲ ನಂಟು ಬೆಸೆಯುವುದರಲ್ಲಿತ್ತು. ನೆಪೋಲಿಯನ್ 1798ರ ಜೂನ್‌ನಲ್ಲಿ ಮಾಲ್ಟಾವನ್ನು ಹಿಡಿದು, ಅಲ್ಲಿಂದ ಈಜಿಪ್ಟಿಗೆ ಹೋಗಿ, 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಮರಳು ಹೊದ್ದ ರಾಜಧಾನಿ

ಗಂಗರ ತಲಕಾಡು ನರಸೀಪುರದಿಂದ ಕಾವೇರಿಯ ಕೆಳಹರಿವಿನಲ್ಲಿದೆ. ನಮ್ಮ ಸೀಮೆಯಲ್ಲಿ ಮಾಲ್ಟಾದಂತೆ ನೆಲದಡಿಯ ಅಚ್ಚರಿ ಎಂದು ತೋರಿಸಬಹುದಾದದ್ದು ಇದೊಂದೇ. ಐದನೆಯ ಶತಮಾನದ ಸುಮಾರಿಗೆ ಗಂಗರು ಕೋಲಾರದಿಂದ ಇಲ್ಲಿಗೆ ಬಂದರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಹಿಡಿದು ರಾಜರಾಜಪುರ ಎಂದು ಕರೆದರು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಓಡಿಸಿ ತಲಕಾಡುಗೊಂಡ ಎಂಬ ಬಿರುದು ಧರಿಸಿದ, ಮರುವರ್ಷವೇ ಕೀರ್ತಿನಾರಾಯಣನ ಗುಡಿ ಎಬ್ಬಿಸಿದ. ಆಮೇಲೆ ವಿಜಯನಗರ, ಆಮೇಲೆ ಮೈಸೂರು. ಇಷ್ಟೆಲ್ಲ ಅರಸರು ಕಟ್ಟಿದ್ದರ ಮೇಲೆ ಮರಳು ಬಂದು ಕೂತಿತು.

ಅದಕ್ಕೆ ಜನ ಕೊಡುವ ಕಾರಣ ನಾಡಿಗೆಲ್ಲ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದಾಗ, ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ ತನ್ನ ಒಡವೆ ಕೊಡಲೊಪ್ಪದೆ ತಲಕಾಡಿನ ಎದುರಿನ ಮಾಲಂಗಿಯ ಮಡುವಿಗೆ ಹಾರಿದಳು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳು. ಗುಡಿಗಳ ಮೇಲೆ ಮರಳು ಏರಿದ್ದಂತೂ ಕಣ್ಣೆದುರಿನ ಸತ್ಯ.

ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಇದರ ಬೆನ್ನುಹತ್ತಿದರು. 2007ರಲ್ಲಿ ಬರೆದ ಸಂಶೋಧನಾ ಲೇಖನದಲ್ಲಿ ಅವರು ಬೆರಳು ತೋರಿಸಿದ್ದು ಮಾಧವಮಂತ್ರಿ ಅಣೆಕಟ್ಟೆಯ ಕಡೆಗೆ. ವಿಜಯನಗರದ ಕಾಲದ್ದು, ಹದಿನಾಲ್ಕನೆಯ ಶತಮಾನದ್ದು. ಅಣೆ ಕಟ್ಟಿದ ಮೇಲೆ ನೀರು ಕಾಲುವೆಗೆ ತಿರುಗಿತು, ಕೆಳಗಿನ ಪಾತ್ರದ ಮರಳು ಬಯಲಾಯಿತು. ನದಿ ತಿರುವು ಪಡೆಯುವ ಜಾಗ. ನೈರುತ್ಯದ ಗಾಳಿ ಒಣಮರಳನ್ನು ಎತ್ತಿ ದಂಡೆಯ ಊರಿನ ಮೇಲೆ ಸುರಿಯಿತು. ಅಂದರೆ ಶಾಪಕ್ಕೆ ಶತಮಾನಗಳ ಹಿಂದೆಯೇ ಮರಳಿನ ಕೆಲಸ ಶುರುವಾಗಿತ್ತು. ಭೂವಿಜ್ಞಾನಿಗಳಲ್ಲಿ ನೆಲದೊಳಗಿನ ಬಿರುಕು, ನದಿಯ ದಾರಿ ಬದಲಾವಣೆಗಳ ಮೇಲೆ ಭಾರ ಹಾಕುವವರೂ ಇದ್ದಾರೆ. ನನಗೆ ಗಣೇಶಯ್ಯನವರ ವಾದ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದರಲ್ಲಿ ಒಂದು ಊರಿನ ಗದ್ದೆಗೆ ನೀರುಣಿಸಿದ ಒಳ್ಳೆಯ ಕೆಲಸವೇ ಇನ್ನೊಂದು ಊರನ್ನು ಹೂತುಹಾಕಿತು ಎಂಬ ಕಹಿ ಇದೆ. ಅಣೆ ಕಟ್ಟಿಸಿದ ಮಂತ್ರಿಯನ್ನು ಯಾರೂ ಬಯ್ಯಲಿಲ್ಲ, ಸತ್ತ ಹೆಂಗಸಿನ ತಲೆಗೆ ಎಲ್ಲ ಕಟ್ಟಿದರು.

ಮರಳು ಮಾಡಿದ್ದು ಹಾಳು ಮಾತ್ರವಲ್ಲ, ಕಾಪಾಡಿದ್ದೂ ಉಂಟು. ತಲಕಾಡಿನ ಪಂಚಲಿಂಗಗಳಲ್ಲಿ ವೈದ್ಯೇಶ್ವರ ಮೇಲೆಯೇ ಉಳಿದ. ಪಾತಾಳೇಶ್ವರ, ಮರಳೇಶ್ವರರನ್ನು ನೋಡಲು ಈಗಲೂ ಮೆಟ್ಟಿಲಿಳಿದು ಹೋಗಬೇಕು. ಬಹಳ ವರ್ಷಗಳ ಕಾಲ ಪಂಚಲಿಂಗ ದರ್ಶನದ ಹೊತ್ತಿಗೆ ಮರಳು ತೆಗೆಯುವುದು, ಮತ್ತೆ ಮುಚ್ಚಿಹೋಗುವುದು ನಡೆದೇ ಇತ್ತು. ಹತ್ತಿರದ ಸೋಮನಾಥಪುರದ ಕೇಶವನ ಗುಡಿ ಬಯಲಲ್ಲಿ ನಿಂತು ಪೆಟ್ಟು ತಿಂದಿತು, ಪೂಜೆ ಕಳೆದುಕೊಂಡಿತು, 2023ರಲ್ಲಿ ಬೇಲೂರು ಹಳೇಬೀಡುಗಳ ಜೊತೆ ವಿಶ್ವಪರಂಪರೆಯ ಪಟ್ಟಿ ಸೇರಿತು. ತಲಕಾಡಿನಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆ ಮತ್ತು ಮೈಸೂರು ವಿಶ್ವವಿದ್ಯಾನಿಲಯ ಉತ್ಖನನಕ್ಕೆ ಕೈಹಾಕಿದವು. ಕೀರ್ತಿನಾರಾಯಣನ ಗುಡಿಯನ್ನು ಕೇಂದ್ರ ಪುರಾತತ್ತ್ವ ಇಲಾಖೆ ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಜೋಡಿಸಿದೆ.

ಹೊಲದಲ್ಲಿ ಸಿಕ್ಕಿದ್ದು ಯಾರದು

ಮಾಲ್ಟಾದವರೂ ಎಲ್ಲವನ್ನೂ ಜೋಪಾನ ಮಾಡಿದವರಲ್ಲ. ನಿದ್ರಿಸುವ ಹೆಂಗಸು ಸಿಕ್ಕಿದ ಆ ಸಮಾಧಿಗುಹೆ ಹಾಲ್ ಸಫ್ಲಿಯೇನಿ ಬೆಳಕಿಗೆ ಬಂದದ್ದು 1902ರಲ್ಲಿ, ಮನೆ ಕಟ್ಟುವವರು ನೀರಿನ ತೊಟ್ಟಿಗೆ ಗುಂಡಿ ತೋಡುವಾಗ. ಕೆಲಸ ನಿಂತೀತೆಂದು ಅವರು ಮೊದಲು ಬಾಯಿ ಬಿಡಲಿಲ್ಲ. ಏಳು ಸಾವಿರ ಜನರ ಎಲುಬು ಇದ್ದಿರಬಹುದೆಂದು ಲೆಕ್ಕ ಹಾಕಿದ ಆ ಜಾಗದಿಂದ ಬಹುಪಾಲು ಎಲುಬು ಈಗ ಉಳಿದಿಲ್ಲ. ಪಾಠ ಕಲಿತದ್ದು ನಂತರ. ಜನರ ಉಸಿರಿನ ತೇವಕ್ಕೆ ಒಳಗಿನ ಜಾಜಿನ ಚಿತ್ರ ಅಳಿಯುತ್ತಿದೆ ಎಂದು ತೊಂಬತ್ತರ ದಶಕದಲ್ಲಿ ವರ್ಷಗಟ್ಟಲೆ ಬಾಗಿಲು ಹಾಕಿದರು. ತೆರೆದ ಮೇಲೆ ದಿನಕ್ಕೆ 80 ಜನರಿಗಷ್ಟೇ ಪ್ರವೇಶ. ಹಜರ್ ಇಮ್, ಇಮ್ನಾಯ್ದ್ರಾಗಳ ಮೇಲೆ 2009ರಲ್ಲಿ ದೊಡ್ಡ ಚಪ್ಪರ ಎಬ್ಬಿಸಿದರು. ತಾರ್ಶಿಯನ್ನಿನ ಕಥೆ ನಮ್ಮ ಹಳ್ಳಿಗಳಿಗೆ ಹತ್ತಿರದ್ದು: ಉಳುವಾಗ ಕುಳಕ್ಕೆ ಮತ್ತೆ ಮತ್ತೆ ಕಲ್ಲು ತಾಗುತ್ತದೆ ಎಂದು ರೈತರು ಹೇಳಿದರು, ವಸ್ತುಸಂಗ್ರಹಾಲಯದ ಥೆಮಿಸ್ಟೋಕ್ಲಿಸ್ ಜಾಮಿತ್ ಕಿವಿಗೊಟ್ಟರು, 1915ರಿಂದ 1919ರವರೆಗೆ ಅಗೆದರು.

ನಮ್ಮ ಕಡೆ ಉಳುವವನಿಗೆ ಬೋಕಿ ಸಿಕ್ಕರೆ ಬದುವಿಗೆ ಎಸೆಯುತ್ತಾನೆ. ಕಲ್ಲುಕೊಡಲಿ ಸಿಕ್ಕರೆ ಚೆಂದ ಕಂಡಿತೆಂದು ಇಟ್ಟುಕೊಂಡಾನು. ಸೇಲಂ ಕಡೆಯ ಶೇವರಾಯ ಬೆಟ್ಟದಲ್ಲಿ ಇಂಥ ಕೊಡಲಿಗಳನ್ನು ಗುಡಿಗಳಲ್ಲಿ ರಾಶಿ ಹಾಕಿ ಪೂಜಿಸುತ್ತಿದ್ದುದನ್ನು ಹಿಂದಿನ ಶೋಧಕರು ಬರೆದಿಟ್ಟಿದ್ದಾರೆ. ಒಂದು ಲೆಕ್ಕಕ್ಕೆ ಅದು ಒಳ್ಳೆಯ ರಕ್ಷಣೆಯೇ.

ಕಾನೂನಿನ ರಕ್ಷಣೆಗೆ ಬಂದರೆ ಅದರ ಕಣ್ಣು ಕಟ್ಟಡದ ಮೇಲೆ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಅದರ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ವಲಯ ಎಂದು 2010ರ ತಿದ್ದುಪಡಿ ಕಟ್ಟುನಿಟ್ಟು ಮಾಡಿತು. ಸೋಮನಾಥಪುರದಲ್ಲಿ ಈ ಅಳತೆ ಸುಲಭ: ಪ್ರಾಕಾರದ ಗೋಡೆಗೆ ಟೇಪು ಹಿಡಿದರಾಯಿತು. ನವಶಿಲಾಯುಗದ ಊರಿಗೆ ಗೋಡೆ ಇಲ್ಲ. ಮಣ್ಣಿನ ಬಣ್ಣ ತುಸು ಬೂದಿಯಾಗಿರುತ್ತದೆ, ಮಡಕೆ ಚೂರು ಚೆಲ್ಲಿರುತ್ತದೆ, ಅಷ್ಟೇ ಗುರುತು. ಅದೂ ನಾಲ್ಕಾರು ಒಕ್ಕಲಿನ ಹೊಲಗಳಲ್ಲಿ ಹಂಚಿಹೋಗಿರುತ್ತದೆ. ಒಬ್ಬರದು ಭತ್ತ, ಇನ್ನೊಬ್ಬರದು ಕಬ್ಬು, ಮತ್ತೊಬ್ಬರು ನಿವೇಶನ ಮಾಡಲು ಹೊರಟಿರುತ್ತಾರೆ. ಟೇಪಿನ ತುದಿಯನ್ನು ಯಾರ ಬದುವಿನಲ್ಲಿ ಊರುವುದು?